ಅದೇ ಒಕ್ಕಣೆ

ಡಬ್ಬಿಯ ಮುಚ್ಚಳದ ಮೇಲೆ ಇದೇ ಹೋಟೆಲು, ಹತ್ತೊಂಬತ್ತು ಕಿಟಕಿ, ನಾಲ್ಕು ಕಂಬ, ಎಡಕ್ಕೊಂದು ತೆಂಗಿನ ಮರ, ನೀಲಿ ಬಣ್ಣ, ಆಗಲೂ ನೀಲಿಯೇ, ಆದರೆ ಬೆಸಗರಹಳ್ಳಿಯ ಮನೆಗೆ ಅಪ್ಪ ತಂದಿದ್ದ ಡಬ್ಬಿಯಲ್ಲಿ ಮರ ಬಲಕ್ಕಿತ್ತು, ಅಥವಾ ಅಜ್ಜಿ ಅದನ್ನು ಅಟ್ಟದ ಮೇಲೆ ತಲೆಕೆಳಗಾಗಿ ಇಟ್ಟಿದ್ದಳು, ತಿರುಗಿಸಿಟ್ಟರೆ ಎಡ ಬಲವಾಗುತ್ತದೆ, ಹೌದು, ಅಷ್ಟೇ ಇರಬೇಕು — ನಿನ್ನೆ ಸಂಜೆ ರೂಮಿನ ಹುಡುಗಿ ಇದನ್ನು ತಂದಿಟ್ಟು, ನೂರು ವರ್ಷದಿಂದ ಇದೇ ಬಿಸ್ಕತ್ತು ಮೇಡಂ, ಬಂದ ಅತಿಥಿಗಳಿಗೆಲ್ಲ ಕೊಡ್ತೀವಿ, ಎಂದಳು, ನಾನು ಥ್ಯಾಂಕ್ಸ್ ಎಂದೆ, ಇನ್ನೂ ತೆಗೆದಿಲ್ಲ, ಬೆಳಿಗ್ಗೆ ಏಳೂ ಹತ್ತು, ಹೊರಗೆ ಸಮುದ್ರ, ನಿಮಿಷಕ್ಕೆ ಹನ್ನೊಂದು ಅಲೆ, ಮೂರು ಸಲ ಎಣಿಸಿದೆ, ಹನ್ನೊಂದು, ಹನ್ನೆರಡು, ಹನ್ನೊಂದು. ಚಾವಣಿಯಿಂದ ಉದ್ದನೆಯ ಕೋಲಿಗೆ ತೂಗುಬಿಟ್ಟ ಫ್ಯಾನು, ತೇಗದ ನೆಲ, ಹಾಸಿಗೆಯ ಕಾಲ ಕಡೆ ಬಿಳಿ ಹೊದಿಕೆಯ ಮೂಲೆಯನ್ನು ಸರಿಯಾಗಿ ನಲವತ್ತೈದು ಡಿಗ್ರಿಗೆ ಮಡಿಸಿ ಒಳಗೆ ತುರುಕಿದ್ದಾರೆ, ಅದನ್ನು ಎಳೆಯಲು ಕೈ ಬರದೆ ಹೊದಿಕೆಯ ಮೇಲೇ ಮಲಗಿದ್ದೆ, ಅಪ್ಪ ಇಲ್ಲಿ ಹದಿನೆಂಟು ವರ್ಷ ಮಾಡಿದ ಕೆಲಸ ಇದೇ, ದಿನಕ್ಕೆ ಇಪ್ಪತ್ತು ಹಾಸಿಗೆ, ರಜೆಗೆ ಊರಿಗೆ ಬಂದರೆ ನಮ್ಮ ಚಾಪೆಯ ಮೇಲಿನ ದುಪ್ಪಟಿಗೂ ಹೀಗೇ ಮೂಲೆ ಮಡಿಸುತ್ತಿದ್ದ, ಅವ್ವ ನಗುತ್ತಿದ್ದಳು, ಚಾಪೆಗೂ ದೊರೆ ಮಂಚದ್ ಸೋಕಿನಾ, ಏಳಯ್ಯ ಮ್ಯಾಕೆ. ಕೆಳಗಿನ ಪಡಸಾಲೆಯಲ್ಲಿ ಹಳೆಯ ಫೋಟೊಗಳಿವೆ, ಉಳಿದುಕೊಂಡ ರಾಜರು, ದೊರೆಗಳು, ಎಲ್ಲರ ಹೆಸರೂ ಬರೆದಿದೆ, ಒಂದರಲ್ಲಿ ಮಾತ್ರ ನೌಕರರು, ಮೂರು ಸಾಲು, ನಲವತ್ತೊಂದು ತಲೆ, ಅಡಿಯಲ್ಲಿ ‘ಸಿಬ್ಬಂದಿ’ ಎಂಬ ಒಂದೇ ಪದ, ಕನ್ನಡಕ ಒರೆಸಿಕೊಂಡು ಒಂದೊಂದೇ ಮುಖ ನೋಡಿದೆ, ಅಪ್ಪ, ಮಾದಯ್ಯ, ಯಾರು ಎಂದು ಖಚಿತವಾಗಿ ಹೇಳಲಾರೆ, ಇಬ್ಬರ ಮೇಲೆ ಅನುಮಾನ.

ತಮ್ಮ ಅಂಬರೀಶನಿಗೆ ಬೆಳಿಗ್ಗೆ ಹೇಳುತ್ತೇನೆ ಎಂದಿದ್ದೆ, ಈಗ ಬೆಳಿಗ್ಗೆ. ಮದ್ದೂರಿನಲ್ಲಿ ಅವನು ಕಟ್ಟಿಸಿದ ಮನೆಗೆ ಗುರುವಾರ ಗೃಹಪ್ರವೇಶ, ರಾತ್ರಿ ಊಟದ ಹೊತ್ತಿಗೆ ಅವನ ಫೋನು, ಅಕ್ಕಾ, ಸಮುದ್ರ ಕಾಣ್ತದಾ ರೂಮಿಂದ, ಸರಿ ಬುಡು, ನೋಡು, ನಡುಮನೆ ಗೋಡೆಗೆ ಅವ್ವನ ಫೋಟೊ ಒಂದೇ ಹಾಕ್ಸ್ತೀನಿ, ಎಂಡ್ತಿ ಸತ್ರೂ ಐದು ದಿನ ಬಿಟ್ಟು ಬಂದೋನ್ದು ನನ್ ಮನೇಲಿ ಬ್ಯಾಡ, ಏನಂತೀಯ — ಅವ್ವ ಸತ್ತಾಗ ಅವನಿಗೆ ಆರು ವರ್ಷ, ಅವನಿಗೆ ನೆನಪಿರುವುದಿಲ್ಲ, ಆ ವಾಕ್ಯ ಅವನದಲ್ಲ, ನನ್ನದು, ವರ್ಷಗಟ್ಟಲೆ ಅವನ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದು ನಾನು. ಇಲ್ಲಿಗೆ ಬಂದದ್ದು ಯಾಕೆಂದು ಕಾಲೇಜಿನಲ್ಲಿ ಕೇಳಿದವರಿಗೆ ರಜೆ ಎಂದೆ, ನಿಜಕ್ಕೂ ಬಂದದ್ದು ದಾರಿಯ ಹೊತ್ತು ಅಳೆಯುವುದಕ್ಕೆ, ಮದ್ದೂರಿನಿಂದ ಈ ಬಾಗಿಲಿಗೆ ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ, ಆಗಿನ ರಸ್ತೆಗೆ ಇನ್ನು ನಾಲ್ಕು ಗಂಟೆ ಸೇರಿಸಿದರೂ, ಟೆಲಿಗ್ರಾಮ್ ತಲುಪಲು ಒಂದು ದಿನ ಹಿಡಿದರೂ, ಅಪ್ಪ ಮೂರನೆಯ ದಿನ ಬರಬಹುದಿತ್ತು, ಬಂದದ್ದು ಐದನೆಯ ದಿನ, ಎರಡು ದಿನ ಉಳಿಯುತ್ತದೆ, ಎಷ್ಟು ಸಲ ಕಳೆದರೂ ಎರಡೇ, ಆ ಎರಡು ದಿನ ಅವನೇನು ಮಾಡಿದ ಎಂಬುದು ನನಗೆ ಗೊತ್ತು, ಅವ್ವನಿಗೆ ಬಳೆ ಆರಿಸಿದ. ಇದಕ್ಕೆ ಇಷ್ಟು ದೂರ ಬರಬೇಕಿರಲಿಲ್ಲ.

ಆಗ ಇಲ್ಲಿ ನೌಕರರಿಗೆ ಊರಿನ ಟೆಲಿಗ್ರಾಮ್ ತೋರಿಸದಿದ್ದರೆ ರಜೆ ಇರಲಿಲ್ಲ, ಅದಕ್ಕೇ ಅಪ್ಪ ತಾನೇ ಹೇಳಿಕೊಟ್ಟಿದ್ದ, ನಾನು ಬೇಕಾದಾಗ್ಲೆಲ್ಲ ವೈಫ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ ಅಂತ ಕೊಡ್ರಿ, ಅಷ್ಟೇಯ, ಜಾಸ್ತಿ ಬ್ಯಾಡ — ಕಬ್ಬು ಕಡಿಯಲು ಕೊಟ್ಟೆವು, ಮಾರ್ನಮಿ ಹಬ್ಬಕ್ಕೆ ಕೊಟ್ಟೆವು, ಅಂಬರೀಶನ ಮುಡಿ ತೆಗೆಸಲು ಕೊಟ್ಟೆವು, ಮನೆಯಲ್ಲಿ ಇಂಗ್ಲಿಷ್ ಬರೆಯಲು ಬರುವವಳು ನಾನೊಬ್ಬಳೇ, ಅವ್ವ ಮುದ್ದೆ ಕೋಲು ಹಿಡಿದುಕೊಂಡೇ ಕೇಳುವಳು, ಈ ಸಲಾನೂ ನನ್ನೇ ಸಾಯಿಸ್ತೀಯೇನ್ ಮಗಾ, ನಿಮ್ಮಜ್ಜಿ ಎಸ್ರು ಬರ್ಸು ಒಂದ್ ಸಲ. ಮೂರನೆಯ ದಿನ ಅಪ್ಪ ಬಂದೇ ಬರುವನು, ಮನೆ ರಸ್ತೆಯ ಪಕ್ಕವೇ, ಬಸ್ಸು ಬಾಗಿಲಿಗೇ ನಿಲ್ಲುತ್ತದೆ, ಚಪ್ಪಲಿ ಬಿಡುವ ಮೊದಲೇ ಜಗಲಿಯಿಂದ ಕೂಗುವನು, ಎಲ್ಲವ್ಳೆ ಸೀರಿಯಸ್ಸಾಗಿರೋಳು, ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಗುವಳು. ಮತ್ತೆ ಆ ಭಾದ್ರಪದ, ಮೂರು ದಿನದ ಜ್ವರ, ಬೆಳಗಿನ ಜಾವ ಅವ್ವ ಇಲ್ಲ, ಅಜ್ಜಿ ನನ್ನ ಭುಜ ಹಿಡಿದು ಹೇಳುತ್ತಾಳೆ, ಸತ್ತೋದ್ಲು ಅಂತ ಬರೀಬ್ಯಾಡ ಕಣವ್ವ, ಒಬ್ನೇ ಬಸ್ಸಲ್ಲಿ ಬರೋನು, ಎದೆ ಒಡ್ಕಂಡಾನು, ಸೀರಿಯಸ್ ಅಂತ್ಲೇ ಬರ್ಸು, ಎಲ್ರೂ ಅಂಗೇ ಬರ್ಸೋದು — ಚೌಡಯ್ಯ ಮಾವ ಸೈಕಲ್ಲಿನಲ್ಲಿ ಕೂರಿಸಿಕೊಂಡು ಮದ್ದೂರಿನ ಅಂಚೆ ಕಚೇರಿಗೆ ತಂದು ಬಿಟ್ಟ, ಹೊರಗೆ ಬೀಡಿ ಹಚ್ಚಿದ, ಒಳಗೆ ಟೆಲಿಗ್ರಾಮ್ ಬರೆದುಕೊಳ್ಳುವ ಶ್ಯಾಮಣ್ಣನವರು ನನ್ನನ್ನು ಕಂಡು ನಕ್ಕರು, ಏನಮ್ಮ ಪುಟ್ಟಿ, ಮತ್ತೆ ಸೀರಿಯಸ್ಸೋ, ಗೌರಿ ಹಬ್ಬಕ್ಕೋ. ಆ ಕೌಂಟರಿನ ಮರದಲ್ಲಿ ಒಂದು ಗಂಟು ಇತ್ತು, ಮಸಿ ಇಂಗಿ ಕಪ್ಪಾದ ಗಂಟು, ನಾನು ಅದನ್ನು ನೋಡುತ್ತಿದ್ದೆ, ನನಗೆ ಗೊತ್ತಿತ್ತು, ಹದಿನಾಲ್ಕು ವರ್ಷ, ಗೊತ್ತಾಗದ ವಯಸ್ಸಲ್ಲ, ಎಲ್ಲ ದ್ರಾವಣಕ್ಕೂ ಒಂದೇ ಬಣ್ಣ ಕೊಡುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ ಎಂದು ಈಗ ಮಕ್ಕಳಿಗೆ ಲ್ಯಾಬಿನಲ್ಲಿ ಹೇಳುತ್ತೇನೆ, ಆಗ ಮಾತು ಹೀಗಿರಲಿಲ್ಲ, ಅರ್ಥ ಇದೇ, ಇದೇ ನಾಲ್ಕು ಪದ ಹೋದರೆ ಅಪ್ಪ ಹಬ್ಬ ಎಂದುಕೊಳ್ಳುತ್ತಾನೆ, ಒಂದೇ ಒಂದು ಪದ ಬದಲಿಸಬೇಕು, ಬದಲಿಸಬೇಕಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು, ಶ್ಯಾಮಣ್ಣನವರು ಪೆನ್ನು ಎತ್ತಿ ಹಿಡಿದಿದ್ದಾರೆ, ಅದೇ ಒಕ್ಕಣೆ ತಾನೆ, ಹೂಂ ಎಂದೆ.

ಐದನೆಯ ದಿನ ಜಗಲಿಯ ಮೇಲೆ ಇದ್ದವಳು ನಾನೊಬ್ಬಳೇ, ಅಪ್ಪ ಅಂದದ್ದನ್ನು ಕೇಳಿಸಿಕೊಂಡವಳೂ ನಾನೊಬ್ಬಳೇ, ಆಮೇಲೆ ಊರು ಏನೆಲ್ಲ ಆಡಿತು, ಎಂಡ್ತಿ ಮಣ್ಣಿಗೂ ಬರ್ನಿಲ್ವಲ್ಲೋ ಮಾದ, ಸಮುದ್ರದ್ ಗಾಳಿ ಬಿಟ್ ಬರಕ್ಕಾಗ್ನಿಲ್ವಾ, ಅಪ್ಪ ತಲೆ ತಗ್ಗಿಸಿ ಕೂತಿದ್ದ, ಹಬ್ಬಕ್ಕೆ ಕೊಡುವ ಅದೇ ಒಕ್ಕಣೆಯ ಟೆಲಿಗ್ರಾಮ್ ಅವನ ಜೇಬಿನಲ್ಲೇ ಇತ್ತು, ತೆಗೆದು ತೋರಿಸಬಹುದಿತ್ತು, ನನ್ನ ಕಡೆ ಒಮ್ಮೆ ನೋಡಿದ, ತೋರಿಸಲಿಲ್ಲ, ಆಮೇಲೂ ಇಲ್ಲ, ಹತ್ತೊಂಬತ್ತು ವರ್ಷದ ಮೇಲೆ ಮಂಡ್ಯದ ಆಸ್ಪತ್ರೆಯಲ್ಲಿ ಸಾಯುವ ವಾರವೂ ಇಲ್ಲ, ಆ ವಾರ ನಾನು ಡ್ರಿಪ್ಪಿನ ಹನಿ ಎಣಿಸಿದೆ, ಅವನು ಹಸಿರು ರಗ್ಗಿನ ಮೂಲೆಯನ್ನು ಬೆರಳಲ್ಲಿ ಮಡಿಸಲು ನೋಡುತ್ತಿದ್ದ. ಏಳೂ ಇಪ್ಪತ್ತೆಂಟು. ಮೇಜಿನ ಮೇಲೆ ಫೋನು ಅದುರುತ್ತದೆ, ಅದರ ಅದುರಿಗೆ ಡಬ್ಬಿಯೂ ಸಣ್ಣಗೆ ಕಂಪಿಸುತ್ತದೆ, ಮುಚ್ಚಳ ಸದ್ದು ಮಾಡುತ್ತದೆ, ಅಂಬರೀಶ, ಅಕ್ಕಾ, ಫ್ರೇಮಿನೋನ್ ಅಂಗ್ಡಿ ಮುಂದೆ ನಿಂತಿವ್ನಿ, ಒಂದಾ ಎರ್ಡಾ, ಬೇಗ ಯೋಳು, ಎರಡು ಎಂದೆ, ಏನು, ಎರಡು, ಅಪ್ಪಂದೂ ಹಾಕ್ಸು, ಯಾಕಕ್ಕ, ನೀನೇ ಅಲ್ವಾ ಅಂತಿದ್ದೆ, ಐದು ದಿನ ಅಂತ, ಟೆಲಿಗ್ರಾಮ್ ಬರೆಸಿದ್ದು ನಾನು ಕಣೋ ಅಂಬರೀಶ, ಬರ್ಸಿದ್ರೆ ಏನೀಗ, ಅದ್ರಾಗೇನಿತ್ತು ಅಕ್ಕಾ, ಅಲೋ, ಅಕ್ಕಾ, ಕೇಳ್ತದಾ — ಐದನೆಯ ದಿನ, ಬಸ್ಸು ಹೋಗಿ ಧೂಳು ಇಳಿಯುತ್ತಿದೆ, ಅಪ್ಪ ಎರಡೂ ಕೈಯಲ್ಲಿ ನೀಲಿ ಡಬ್ಬಿ ಹಿಡಿದು ಜಗಲಿಯ ಮುಂದೆ ನಿಂತಿದ್ದಾನೆ, ಒಳಗೆ ಗಾಜಿನ ಬಳೆ ಗಲಗಲ ಅನ್ನುತ್ತಿವೆ, ನಗುತ್ತಿದ್ದಾನೆ, ಚಪ್ಪಲಿ ಇನ್ನೂ ಬಿಟ್ಟಿಲ್ಲ, ಎಲ್ಲವ್ಳೆ ಸೀರಿಯಸ್ಸಾಗಿರೋಳು, ನಗುತ್ತಿದ್ದಾನೆ, ಡಬ್ಬಿ ನನ್ನತ್ತ ಚಾಚಿ ಇನ್ನೂ ನಗುತ್ತಿದ್ದಾನೆ