ಪಾಲಕ್ ತಿಂದವರು ಗೋಣಿಚೀಲದ ಕೆಳಗೆ ಸಿಕ್ಕರು

ಸೋಮವಾರ ಬೆಳಿಗ್ಗೆ ನಾನು ಶಾಲೆಯ ಗೇಟಿನೊಳಗೆ ಕಾಲಿಡುವಷ್ಟರಲ್ಲೇ ಕೂಗು ಕೇಳಿಸಿತು.

"ಟೀಚರ್ರೀ! ಪಾಲಕ್ ಹೋತ್ರೀ! ಯಾರೋ ತಿಂದು ಹೋಗ್ಯಾರ್ರೀ!"

ನನ್ನ ಹೆಸರು ಸುಹಾಸಿನಿ. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ನದಿ ದಂಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತೇನೆ. ಆ ಪಾಲಕ್ ಮಡಿ ನನ್ನ ಮಕ್ಕಳದ್ದು. ಬೀಜ ಹಾಕಿದವರು ಅವರು, ಕಳೆ ಕಿತ್ತವರು ಅವರು. ಮುಂದಿನ ವಾರದ ಶುಕ್ರವಾರ ತಮ್ಮದೇ ಪಾಲಕ್ ಬಿಸಿಯೂಟದ ಸಾರಿಗೆ ಬೀಳಬೇಕು ಅಂತ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಕೊಂಡು ಕಾಯುತ್ತಿದ್ದರು. ಓಡಿಹೋಗಿ ನೋಡಿದರೆ ಎಲೆಗಳೆಲ್ಲ ಜರಡಿ! ಎಲೆಯ ಮೇಲೆ, ಮಣ್ಣಿನ ಮೇಲೆ ಮಿರಿಮಿರಿ ಮಿಂಚುವ ಗೆರೆಗಳು. ಹುಡುಗಿಯರಿಬ್ಬರು ಅಳಲು ಶುರು ಮಾಡಿದ್ದರು.

ಅಷ್ಟರಲ್ಲಿ ಬಿಸಿಯೂಟದ ಅಡುಗೆಯವರಾದ ತಂಗೆವ್ವ ಉಪ್ಪಿನ ಚೀಲ ಹಿಡಿದು ಬಂದೇಬಿಟ್ಟರು.

"ಇದು ಲೋಳಿ ಹುಳದ ಕೆಲಸ, ಅಕ್ಕಾರ. ಎರಡ ಕಿಲೋ ಉಪ್ಪ ಎರಚಿದ್ರ ಎಲ್ಲಾ ನೀರಾಗಿ ಹೊಕ್ಕಾವ. ಹಾದಿ ಬಿಡ್ರಿ!"

ತಂಗೆವ್ವನ ಮೊಮ್ಮಗಳು ಅಂಜನಾ ನನ್ನ ತರಗತಿಯವಳೇ. ಅವಳು ಆಗಲೇ ಕೋಲಿನಿಂದ ಮಡಿಯ ರವದಿ ಕೆದರುತ್ತಿದ್ದಳು. ರವದಿ ಅಂದರೆ ಕಬ್ಬಿನ ಒಣ ಸೋಗೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. "ಟೀಚರ್ರೀ, ಇಲ್ಲೈತ್ರೀ!" ಅಂತ ಕೋಲು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ತುದಿಯಲ್ಲಿ ಹೆಬ್ಬೆರಳುದ್ದದ ಕಂದು ಹುಳು! "ಅಯ್ಯಯ್ಯೋ" ಅಂತ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದೆ. ಮುಚ್ಚಿಡುವುದೇಕೆ, ಲೋಳೆ ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಅಳುತ್ತಿದ್ದವರೂ ಬಿದ್ದು ಬಿದ್ದು ನಕ್ಕರು.

ಧೈರ್ಯ ಮಾಡಿ ಅದನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಇಳಿಸಿದೆವು.

"ಬಸವನಹುಳ ಐತ್ರೀ ಇದು. ಪಾಪ, ಮನಿ ಕಳಕೊಂಡೈತಿ," ಅಂದ ನನ್ನ ತರಗತಿಯ ಯುವರಾಜ.

"ಕಳಕೊಂಡಿಲ್ಲೋ! ಇದು ಬಸವನಹುಳದ ಬಳಗಾನ, ಆದ್ರ ಇದರ ಬೆನ್ನ ಮ್ಯಾಲ ಚಿಪ್ಪ ಇರೂದಿಲ್ಲ," ಅಂದೆ.

"ಚಿಪ್ಪ ಇಲ್ಲಂದ್ರ ಬಿಸಲಾಗ ಒಣಗಿ ಹೋಗೂದಿಲ್ಲೇನ್ರಿ?" ಅಂಜನಾ ಕೇಳಿದಳು.

"ಛಲೋ ಕೇಳಿದಿ ನೋಡು! ಒಣಗತೈತಿ. ಅದಕ್ಕ ಹಗಲೊತ್ತು ಅಡಗಿ ಕುಂದರತೈತಿ. ನಿನಗ ಎಲ್ಲಿ ಸಿಕ್ತು?"

"ರವದಿ ಬುಡಕ್ರೀ."

"ಅಲ್ಲಿ ಹೆಂಗಿತ್ತು?"

"ಹಸಿ ಇತ್ರೀ. ತಣ್ಣಗ ಇತ್ತು. ಕತ್ತಲ ಇತ್ತು."

"ಹಾಂ! ಅದ ಅದರ ಮನಿ!"

ಹೇಳಿದ ಮೇಲೆ ನನಗೇ ಹೊಳೆಯಿತು. ಕಬ್ಬಿನ ಸಾಲಿಗೆ ಹಾಕುವ ಹಾಗೆ ಈ ಪುಟ್ಟ ಮಡಿಗೆ ಗೇಣೆತ್ತರ ರವದಿ ಹೊದಿಸಿದ್ದು ಯಾರು? ನಾನೇ. ದಿನಾ ಸಂಜೆ ಕೊಡಗಟ್ಟಲೆ ನೀರು ಹಾಕಿಸಿದ್ದು ಯಾರು? ಅದೂ ನಾನೇ! ಹುಳುಗಳಿಗೆ ತಂಪು ಹಾಸಿಗೆ ಹಾಸಿ, ಪಕ್ಕದಲ್ಲೇ ಊಟವನ್ನೂ ಇಟ್ಟಿದ್ದೆ. ಕತ್ತಲಾದ ಮೇಲೆ ಅವು ಹೊರಗೆ ಬಂದು ಎಳೆ ಎಲೆ ತಿಂದಿದ್ದವು, ಅಷ್ಟೇ.

"ಮನಿ ಗೊತ್ತಾತಲ್ಲ, ಇನ್ನ ಸುರಿತೇನಿ," ಅಂತ ತಂಗೆವ್ವ ಚೀಲದ ಬಾಯಿ ಬಿಚ್ಚಿದರು.

ಅಂಜನಾ ಓಡಿಬಂದು ಅಜ್ಜಿಯ ಕೈ ಹಿಡಿದುಕೊಂಡಳು. "ಆಯಿ, ಬ್ಯಾಡ ಬೇ! ನಮ್ಮ ಕೆಳಗಿನ ಹೊಲ ನೆನಪಿಲ್ಲೇನು? ಬೆಳ್ಳಗ ಸವಳ ಎದ್ದು ಕಬ್ಬೆಲ್ಲಾ ಒಣಗಿತಲ್ಲ, ಅದೂ ಉಪ್ಪ ಅಲ್ಲೇನು? ಅಪ್ಪಗ ಇನ್ನೂ ಅಲ್ಲಿ ಏನೂ ಬೆಳಿಯಾಕ ಆಗವಲ್ದು. ನೀ ನಮ್ಮ ಮಡಿಗೂ ಸವಳ ಹಚ್ಚತಿಯೇನು?"

ತಂಗೆವ್ವನ ಕೈ ನಿಂತಿತು. ಅತಿಯಾಗಿ ನೀರು ಹಾಯಿಸಿದ್ದರಿಂದ ಮಣ್ಣಿನೊಳಗಿನ ಉಪ್ಪು ಮೇಲೆದ್ದು ಆ ಹೊಲ ಸವಳಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಚೀಲದ ಬಾಯಿ ಕಟ್ಟಿದರು.

"ಖರೆ ಐತವ್ವಾ. ನನ್ನ ಕೈಲೆ ಇನ್ನೊಂದ ಮಣ್ಣ ಕೆಡೂದ ಬ್ಯಾಡ. ಆದ್ರ ಅಕ್ಕಾರ, ಹುಳ ಹೆಂಗ ಹೋಗತಾವ? ಶುಕ್ರವಾರ ದೂರಿಲ್ಲ!"

"ಅವಕ್ಕ ಬೇಕಾದಂಥ ಮನಿ ನಾವ ಕಟ್ಟಿಕೊಡೂಣ್ರಿ. ಆದ್ರ ಮಡಿ ಹೊರಗ," ಅಂದೆ.

"ಹುಳಕ್ಕ ಮನಿ ಕಟ್ಟತಾರಂತ, ಕೇಳ್ರಿ!" ಅಂತ ತಂಗೆವ್ವ ಹಣೆ ಬಡಿದುಕೊಂಡರು.

ರವದಿಯನ್ನೆಲ್ಲ ಮಡಿಯಿಂದ ದೂರ ಎಳೆದೆವು. ಸಂಜೆ ನೀರು ಬಂದ್, ಇನ್ನು ಬೆಳಿಗ್ಗೆ ಮಾತ್ರ. ಶಾಲೆ ಬಿಡುವ ಹೊತ್ತಿಗೆ ಒಂದು ಗೋಣಿಚೀಲ ನೆನೆಸಿ ಮಡಿಯ ಪಕ್ಕ ಹಾಸಿದೆವು.

ಮಂಗಳವಾರ ನಾನು ಅರ್ಧ ತಾಸು ಮೊದಲೇ ಬಂದೆ. ಮಕ್ಕಳೆಲ್ಲ ಆಗಲೇ ಬಂದಿದ್ದಾರೆ! ಅವರಿಗಿಂತ ಮುಂದೆ ತಂಗೆವ್ವ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ನಿಂತಿದ್ದಾರೆ.

"ಒಲಿ ಹಚ್ಚಿಲ್ಲೇನ್ರಿ?"

"ಒಲಿ ಆಮ್ಯಾಲ! ಮೊದಲ ಚೀಲ ಎತ್ತಸ್ರಿ!"

ಅಂಜನಾ ಕೋಲಿನಿಂದ ಚೀಲ ಎತ್ತಿದಳು. ಆಹಾ, ಆ ಗದ್ದಲ ನೀವು ಕೇಳಬೇಕಿತ್ತು! ಚೀಲದ ಕೆಳಗೆ ದೊಡ್ಡವು, ಸಣ್ಣವು, ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಎಣಿಸಿದರೆ ಇಪ್ಪತ್ಮೂರು.

"ಕೈ ಹಚ್ಚಬ್ಯಾಡ್ರಿ! ಅದರ ಲೋಳಿಯಾಗ ಬ್ಯಾನಿ ತರೂ ಸಣ್ಣ ಜೀವ ಇರಬಹುದು," ಅಂತ ಹಳೆಯ ಚಮಚ ಕೊಟ್ಟೆ. ಎತ್ತುವ ಮುನ್ನ ಒಂದನ್ನು ಭೂತಗನ್ನಡಿಯಲ್ಲಿ ನೋಡಿದೆವು. ತಲೆಯ ಮೇಲೆ ನಾಲ್ಕು ಕೊಂಬು. ಮೇಲಿನ ಎರಡರ ತುದಿಯಲ್ಲಿ ಕಣ್ಣು, ಕೆಳಗಿನ ಎರಡು ವಾಸನೆ ಹಿಡಿಯಲಿಕ್ಕೆ. ಬಲಗಡೆ ಉಸಿರಾಡುವ ಒಂದು ತೂತು.

"ಎಲಾ ಇವನ! ಕಣ್ಣ ಒಳಗ ಎಳಕೊಂತು ನೋಡ್ರಿ!" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವರು ತಂಗೆವ್ವ. ಮರುಕ್ಷಣವೇ ಅನುಮಾನ. "ಇಷ್ಟ ಉಪಚಾರ ಮಾಡಾಕ ಇದರಿಂದ ನಮಗೇನ ಉಪಯೋಗ, ಅಕ್ಕಾರ?"

"ಉದುರಿದ ಎಲಿ, ಕೊಳತ ಕಸ ತಿಂದು ಮಣ್ಣಿಗೆ ಗೊಬ್ಬರ ಮಾಡತಾವ್ರಿ. ಕಪ್ಪಿಗೆ, ಹಕ್ಕಿಗೆ ಇವ ಊಟ. ತಿಪ್ಪ್ಯಾಗ ಇದ್ರ ಇವು ನಮ್ಮ ಕೂಲಿಯಾಳು, ಮಡ್ಯಾಗ ಬಂದ್ರ ಅಷ್ಟ ತ್ರಾಸು."

ಕಾಂಪೌಂಡಿನ ಆಚೆ ಮೂಲೆಯ ತಿಪ್ಪೆಗೆ ಹುಳುಗಳ ಮೆರವಣಿಗೆ ಹೋಯಿತು. ಆಮೇಲೆ ಸಾಬೂನು ಹಚ್ಚಿ ಎಲ್ಲರೂ ಕೈ ತೊಳೆದೆವು. ಬುಧವಾರ ಹನ್ನೊಂದು ಸಿಕ್ಕವು, ಗುರುವಾರ ನಾಲ್ಕು. ವಾರ ಕಳೆಯುವಷ್ಟರಲ್ಲಿ ಪಾಲಕ್ ಹೊಸ ಎಲೆ ಬಿಟ್ಟಿತ್ತು, ಒಂದೂ ತೂತಿಲ್ಲ!

ಕೆಂಪು ಸುತ್ತು ಹಾಕಿದ್ದ ಆ ಶುಕ್ರವಾರ ತಂಗೆವ್ವ ಒಂದೊಂದು ಎಲೆಯನ್ನೂ ಹಿಂದೆ ಮುಂದೆ ನೋಡಿ ಮೂರು ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿ ಸಾರು ಮಾಡಿದರು. ಸೊಪ್ಪು ಕಂಡರೆ ತಟ್ಟೆಯ ಅಂಚಿಗೆ ತಳ್ಳುವ ಯುವರಾಜ ಎರಡು ಸಲ ಹಾಕಿಸಿಕೊಂಡ. "ನಮ್ಮ ಪಾಲಕ್ ಐತ್ರೀ ಇದು!" ಅಂತ ಪಕ್ಕದ ತರಗತಿಯವರಿಗೂ ಕೂಗಿ ಹೇಳಿದ.

ತಂಗೆವ್ವ ಸೌಟು ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಂದರು. "ಅಕ್ಕಾರ, ನಮ್ಮ ಹಿತ್ತಲದಾಗೂ ಚೀಲ ಹಾಸೇನ್ರಿ. ಮುಂಜಾನೆ ಒಂಬತ್ತ ಹುಳ ಸಿಕ್ಕುವು. ಮಗಾ, ಸೊಸಿ ಎಲ್ಲಾರೂ ಚಾ ಬಿಟ್ಟು ನೋಡಾಕ ನಿಂತಿದ್ರು!"

ಇದನ್ನು ಓದುತ್ತಿರುವ ಅಪ್ಪ, ಅವ್ವ, ಶಿಕ್ಷಕರೇ, ಹುಳು ಕಂಡ ಕೂಡಲೇ ಉಪ್ಪು ಹುಡುಕಬೇಡಿ. ಅದು ಎಲ್ಲಿಂದ ಬಂತು, ಯಾಕೆ ಬಂತು ಅಂತ ಮಕ್ಕಳನ್ನು ಕೇಳಿ. ನಾಳೆ ಬೆಳಿಗ್ಗೆ ಹಿತ್ತಲಿನ ಒಂದು ಹಸಿ ಚೀಲವನ್ನೋ ಕಲ್ಲನ್ನೋ ಕೋಲಿನಿಂದ ಎತ್ತಿಸಿ. ಚೇಳು ಗೀಳು ಇದ್ದೀತು, ನೀವು ಪಕ್ಕದಲ್ಲೇ ಇರಿ. ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಆಮೇಲೆ ಕೈ ತೊಳೆಸಿ. "ಅವ್ವಾ, ಬಾ ಇಲ್ಲಿ, ಏನೋ ಐತಿ!" ಅಂತ ಮಗು ಕೂಗಿದಾಗ ಮಾತ್ರ "ಈಗ ಕೆಲಸ ಐತಿ" ಅನ್ನಬೇಡಿ. ಓಡಿ ಹೋಗಿ ನೋಡಿ!