ಖಾಲಿ ಚೌಕಗಳ ಮಾತು

"ಎಲ್ಲಾ ಡಬ್ಬಿ ಡಬ್ಬಿ ಆಗಿದೆ ಕಣೇ! ಒಂದು ಚಿತ್ರಾನೂ ಇಲ್ಲ!"

ಅತ್ತಿಗೆ ಆಸ್ಪತ್ರೆಯಿಂದ ಫೋನಿನಲ್ಲಿ ಕಿರುಚಿದ್ದು ಆಫೀಸಿನಲ್ಲಿ ಪಕ್ಕದ ಮೇಜಿನವರಿಗೂ ಕೇಳಿಸಿತು. ಡಬ್ಬಿ ಅಂದರೆ ಖಾಲಿ ಚೌಕ. ಫಾಂಟ್, ಅಂದರೆ ಅಕ್ಷರಗಳ ಆಕಾರವಿರುವ ಫೈಲು, ಸಿಗದಿದ್ದಾಗ ಅಕ್ಷರದ ಜಾಗದಲ್ಲಿ ಬಂದು ಕೂರುವ ದರಿದ್ರ ಚೌಕ.

ಪಾರ್ಶ್ವವಾಯು ಬಡಿದ ಮೇಲೆ ಅಣ್ಣನಿಗೆ ಮಾತೂ ಹೋಯಿತು, ಓದುವುದೂ ಹೋಯಿತು. ಉಳಿದದ್ದು ಎಡಗೈ ಮತ್ತು ಚಿತ್ರ ಗುರುತಿಸುವ ಬುದ್ಧಿ. ಅವನಿಗೆಂದೇ ಅವನ ಟ್ಯಾಬಿಗೊಂದು ಆ್ಯಪ್ ಮಾಡಿದೆ. ಪರದೆಯ ತುಂಬ ಚೌಕಗಳು. ನೀರಿಗೊಂದು ಚಿತ್ರ, ನೋವಿಗೊಂದು, ಕಿಟಕಿಗೊಂದು. ಒತ್ತಿದರೆ ಅದು ದೊಡ್ಡದಾಗಿ ಕಾಣಿಸುತ್ತದೆ. ಚಿತ್ರ ಬರೆದವರು ಅತ್ತಿಗೆ. ಅಂಗಡಿಗಳಿಗೆ ಬೋರ್ಡ್ ಬರೆದು ಪಳಗಿದ ಕೈ. ಅವರು ಆಗಾಗ ಮನೆಯ ಕಂಪ್ಯೂಟರಿನಲ್ಲಿ ಹೊಸ ಚಿತ್ರ ಸೇರಿಸುತ್ತಿದ್ದರು. ಪ್ರತಿ ಸಲ ಆ್ಯಪನ್ನೇ ಹೊಸದಾಗಿ ಹಾಕುವ ರಗಳೆ ಯಾರಿಗೆ ಬೇಕು? ಚಿತ್ರಗಳನ್ನೆಲ್ಲ ಅಕ್ಷರಗಳಂತೆ ಸೇರಿಸಿ ಒಂದು ಫಾಂಟ್ ಮಾಡಿ ಸರ್ವರಿನಲ್ಲಿಟ್ಟೆ. ತೆರೆದಾಗಲೆಲ್ಲ ಆ್ಯಪ್ ತಾನೇ ಹೋಗಿ ಹೊಸ ಫಾಂಟ್ ತಂದುಕೊಳ್ಳುತ್ತದೆ. ಎರಡು ಜಾತಿಯ ಫೋನಿಗೂ ಒಂದೇ ಕೋಡ್. ಎಷ್ಟು ಜಂಬ ಕೊಚ್ಚಿಕೊಂಡಿದ್ದೆ!

ನನ್ನ ಫೋನಿನಲ್ಲಿ ತೆರೆದು ನೋಡಿದರೆ ಚಿತ್ರಗಳೆಲ್ಲ ಅಚ್ಚುಕಟ್ಟಾಗಿ ಕೂತಿವೆ. ಅಣ್ಣನ ಟ್ಯಾಬ್ ಮಾತ್ರ ಇನ್ನೊಂದು ಜಾತಿಯದು.

"ಆಫ್ ಮಾಡಿ ಆನ್ ಮಾಡಿದ್ರಾ ಅತ್ತಿಗೆ?"

"ಮಾಡಿದ್ದಾಯ್ತು, ಅದೇ ಗೋಳು. ಇವರು ಬೇರೆ ಒಂದೇ ಸಮನೆ ಒತ್ತುತ್ತಾ ಇದ್ದಾರೆ. ಹೊದಿಕೆ ಕಿತ್ತು ಬಿಸಾಡ್ತಿದ್ದಾರೆ. ಬೆಳಗ್ಗೆಯಿಂದ ಹೀಗೇ. ನರ್ಸು ನಿದ್ದೆ ಇಂಜೆಕ್ಷನ್ ತರೋಕೆ ಹೋದ್ಲು."

"ಕೊಡಬೇಡಿ ಅನ್ನಿ!"

"ಯಾಕೆ ಅಂತಾರೆ. ಇವರಿಗೆ ಏನಾಗ್ತಿದೆ ಅಂತ ನಾನೇನು ಹೇಳ್ಲಿ?"

"ನನ್ನ ಪರದೆ ಫೋಟೊ ಕಳಿಸ್ಲಾ? ಯಾವ ಚೌಕ ಏನು ಅಂತ ಗೊತ್ತಾಗುತ್ತೆ."

"ಎಲ್ಲಿಗೆ ಕಳಿಸ್ತೀಯೇ? ನಂದು ಬಟನ್ ಫೋನು!"

ಅಣ್ಣ ಸುಮ್ಮಸುಮ್ಮನೆ ರಂಪ ಮಾಡುವ ಆಸಾಮಿಯಲ್ಲ. ಅವನಿಗೆ ಏನೋ ಆಗುತ್ತಿತ್ತು. ನಿದ್ದೆ ಹತ್ತಿಸಿಬಿಟ್ಟರೆ ಅದೇನೆಂದು ಯಾರಿಗೂ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಫಾಂಟನ್ನು ಬಿಚ್ಚಿ ನೋಡಿದೆ. ಪ್ರತಿ ಫಾಂಟಿಗೂ ಎರಡು ಹೆಸರು, ಫೈಲಿನ ಮೇಲೊಂದು, ಹೊಟ್ಟೆಯೊಳಗೊಂದು. ನನ್ನ ಫೋನು ಮೇಲಿನ ಹೆಸರು ಸರಿಯಿದ್ದರೆ ಸಾಕು ಅನ್ನುತ್ತದೆ. ಅಣ್ಣನ ಟ್ಯಾಬ್ ಒಳಗಿನದೇ ಬೇಕೆಂದು ಹಟ ಹಿಡಿಯುತ್ತದೆ. ಒಳಗೆ ನಾನಿಟ್ಟ ಹೆಸರು ಹೋಗಿ 'ಗುಂಡ' ಎಂದಿತ್ತು.

"ಅತ್ತಿಗೆ, ಫಾಂಟಿನ ಹೆಸರು ಬದಲಾಯಿಸಿದ್ರಾ?"

"ನಿನ್ನೆ ಹೊಸ ಚಿತ್ರ ಸೇರಿಸುವಾಗ ಕಂಪ್ಯೂಟರು ಹೆಸರೇನು ಅಂತ ಕೇಳ್ತು. ಇವರದೇ ಹಾಕ್ದೆ. ನಾನು ಕರೆಯೋದು…"

"ಅಯ್ಯೋ ಮಹಾತಾಯಿ!"

ಬೈದೇಬಿಟ್ಟೆ. ಒಂದೇ ಜಾತಿಯ ಫೋನಿನಲ್ಲಿ ನೋಡಿ ಬೀಗಿದವಳು ನಾನು, ಬೈಸಿಕೊಂಡವರು ಅವರು. ಹೆಸರು ತಿದ್ದಿ ಫಾಂಟನ್ನು ಮತ್ತೆ ಸರ್ವರಿಗೆ ಏರಿಸತೊಡಗಿದೆ. ಆಫೀಸಿನ ಹಾಳು ನೆಟ್‌ವರ್ಕು ತೆವಳುತ್ತಿತ್ತು. ಫೋನಿನಲ್ಲಿ ನರ್ಸಿನ ದನಿ ಕೇಳಿಸಿತು: "ಸ್ವಲ್ಪ ಸರೀರಮ್ಮಾ."

ಆಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಏನೋ ಓಡುತ್ತಿರುವುದು ಕಂಡಿತು. ದೋಷ ಹಿಡಿಯಲೆಂದು, ಟ್ಯಾಬಿನಲ್ಲಿ ಯಾವ ಚೌಕ ಒತ್ತಿದರೂ ಅದರ ಸಂಖ್ಯೆ ನನಗೆ ಬರುವಂತೆ ಮಾಡಿಟ್ಟಿದ್ದೆ. ಮೂರು ಸಂಖ್ಯೆಗಳು. ಮತ್ತೆ ಅವೇ ಮೂರು. ಮತ್ತೆ ಅವೇ. ಸಿಟ್ಟಿಗೆ ಚಚ್ಚುವವನ ಬೆರಳು ಹೀಗೆ ಬೀಳುವುದಿಲ್ಲ. ಯಾವ ಚಿತ್ರ ಎಲ್ಲಿತ್ತೆಂದು ಅಣ್ಣನಿಗೆ ನೆನಪಿತ್ತು! ಅವನು ಬೆಳಗ್ಗೆಯಿಂದ ಮಾತಾಡುತ್ತಲೇ ಇದ್ದ.

ಮೊದಲ ಸಂಖ್ಯೆ ಹೊಸದು, ನನಗೆ ಗೊತ್ತಿಲ್ಲದ್ದು. ಎರಡನೆಯದು ಕಾಲು. ಮೂರನೆಯದು ನೋವು.

"ಕಾಲು! ಅತ್ತಿಗೆ, ಕಾಲು ನೋವು ಅಂತಿದ್ದಾನೆ! ಇಂಜೆಕ್ಷನ್ ಬೇಡ, ಕಾಲು ನೋಡೋಕೆ ಹೇಳಿ!"

ನನ್ನ ಕೂಗಿಗೆ ಆಫೀಸೆಲ್ಲ ಎದ್ದು ನಿಂತಿತು. ಆ ಕಡೆ ಅತ್ತಿಗೆ "ಮುಟ್ಟಬೇಡಿ ಅವರನ್ನ!" ಎಂದು ಗದರಿದ್ದು ಕೇಳಿಸಿತು. ಆಮೇಲೆ ಗಲಾಟೆ. ಆಮೇಲೆ ಅಳು.

"ಬಾತುಕೊಂಡಿದೆ ಕಣೇ… ಮುಟ್ಟಿದ್ರೆ ಸುಡ್ತಿದೆ. ಹೊದಿಕೆ ಕೀಳ್ತಿದ್ದಿದ್ದು ಇದಕ್ಕೇ."

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಎದೆಗೆ ಏರಿದ್ದರೆ ಕಷ್ಟವಿತ್ತು, ಸಮಯಕ್ಕೆ ಸಿಕ್ಕಿತು ಎಂದರಂತೆ ಡಾಕ್ಟರು.

ಸಂಜೆ ಹೋದಾಗ ಅಣ್ಣ ಕಣ್ಣು ಮುಚ್ಚಿ ಮಲಗಿದ್ದ. ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಟ್ಯಾಬಿನಲ್ಲಿ ಚಿತ್ರಗಳೆಲ್ಲ ವಾಪಸು ಬಂದಿದ್ದವು. ಕೊನೆಯ ಚೌಕದಲ್ಲಿ ಹೊಸದೊಂದು ಇತ್ತು: ಕಿವಿಯಿಂದ ಕಿವಿಯವರೆಗೆ ತೆರೆದ ದೊಡ್ಡ ಬಾಯಿ.

"ಇದೇನು ಅತ್ತಿಗೆ? ಪ್ರತಿ ಸಲ ಮೊದಲು ಇದನ್ನೇ ಒತ್ತುತ್ತಿದ್ದ."

ಅತ್ತಿಗೆ ಮೂಗು ಒರೆಸಿಕೊಂಡು ನಕ್ಕರು. "ಅದು ನೀನು ಕಣೇ. ನಿನ್ನೆ ನಿನ್ನ ಫೋಟೊ ತೋರಿಸಿ, ಬಾಯಿ ದೊಡ್ಡದಾಗಿ ತೆಗೆದು ತೆಗೆದು ತೋರಿಸಿ, ಇವರೇ ಬರೆಸಿದ್ದು. ಹೊಸದು ಯಾವಾಗ್ಲೂ ಕೊನೇ ಚೌಕಕ್ಕೇ ಬರೋದು ಅಂತ ಇವರಿಗೆ ಗೊತ್ತು."

ಅಣ್ಣ ಕಣ್ಣು ತೆರೆದ. ನನ್ನನ್ನು ನೋಡಿ, ಎಡಗೈಯನ್ನು ಮೆಲ್ಲಗೆ ಎಳೆದು ತಂದು ಆ ಚೌಕವನ್ನು ಒತ್ತಿದ. ಪರದೆಯ ತುಂಬ ನನ್ನ ಬಾಯಿ.

"ಬಂದೆ ಕಣೋ," ಎಂದೆ.