ಬಿಸಿಲಲ್ಲಿ ಮೂಡಿದ ಸನಿಯ್ಯಾ

ಜಗಾಜಿಗ್ ಪಟ್ಟಣದ ಹತ್ತಿ ಮಂಡಿಯ ಹಿಂದಿನ ಓಣಿಯಲ್ಲಿ ನಫೂಸಾಳ ಮಾತಿಗೆ ಎದುರಾಡುವವರಿರಲಿಲ್ಲ. ಮಗ ಬಯೂಮಿ ಮಂಡಿಯಲ್ಲಿ ತೂಕ ನೋಡುವವನು. ಹೊರಗೆ ಹಮಾಲರ ಮೇಲೆ ಎಷ್ಟೇ ಜೋರು ಮಾಡಿದರೂ ಮನೆಯೊಳಗೆ ತಾಯಿ ಕಾಫಿ ಕುಡಿದು ಮುಗಿಸುವವರೆಗೆ ಅವನು ಬಾಯಿ ತೆರೆಯುತ್ತಿರಲಿಲ್ಲ.

ಆ ಬೆಳಿಗ್ಗೆ ಅವಳು ಬೆಂದ ಕಾಳಿಗೆ ಎಣ್ಣೆ ಹಾಕಿ ನಿಂಬೆ ಹಿಂಡುತ್ತಿದ್ದಾಗ ಅವನು ಮೆಲ್ಲಗೆ ಶುರುಮಾಡಿದ.

"ಅಮ್ಮಾ, ನಿಕಾಹ್ ಬರೆಯೋ ಶೇಖ್ ಹೊಸ ತಕರಾರು ತೆಗ್ದಿದ್ದಾನೆ. ಹದಿನಾರು ತುಂಬದೋಳ ಮದುವೆ ಬರೆದ್ರೆ ಸರ್ಕಾರ ಕೆಲಸ ಕಿತ್ಕೊಳ್ಳುತ್ತಂತೆ. 'ಹುಡುಗೀದೊಂದು ಫೋಟೋ ತನ್ನಿ, ನೋಡೋಕೆ ದೊಡ್ಡವಳ ಹಾಗಿದ್ರೆ ಸಾಕು' ಅಂತಾನೆ."

"ಅಷ್ಟೇ ತಾನೇ? ತೆಗೆಸಿದ್ರಾಯ್ತು ಬಿಡು."

ಹುಡುಗಿ ಎಂದರೆ ಬಯೂಮಿಯ ಮಗಳು ತಫೀದಾ. ಹನ್ನೆರಡು ತುಂಬಿತ್ತು. ಮಾಳಿಗೆಯ ಮೇಲೆ ಪಾರಿವಾಳಗಳ ಜೊತೆ ಅವಳು ಜಗಳವಾಡುತ್ತಿದ್ದುದು ಕೆಳಗೂ ಕೇಳಿಸುತ್ತಿತ್ತು. ಗೊತ್ತಾಗಿದ್ದ ವರ ಮಂಡಿಯ ಯಜಮಾನ ಹಾಜಿ ರದ್ವಾನ್. ಹೆಂಡತಿ ತೀರಿಕೊಂಡವನು, ಗಡ್ಡ ಅರ್ಧ ನರೆತವನು.

ಒಲೆಯ ಹತ್ತಿರವಿದ್ದ ಸೊಸೆ ತಲೆಯೆತ್ತದೆ ಅಂದಳು: "ಅತ್ತೆ, ಅವಳಿನ್ನೂ ಮೈನೆರೆದಿಲ್ಲ."

"ಗಂಡನ ಮನೇಲಿ ನೆರೀತಾಳೆ. ನನ್ನ ಮದುವೇಲಿ ನನಗೆ ಹಾಲುಹಲ್ಲು ಬೀಳ್ತಿತ್ತು. ನಾನೇನು ಸತ್ತುಹೋದ್ನಾ? ನೀನು ರೊಟ್ಟಿ ಸೀದುಹೋಗದ ಹಾಗೆ ನೋಡ್ಕೋ."

ಸೊಸೆ ರೊಟ್ಟಿ ತಿರುವಿದಳು.

ಪಟ್ಟಣದಲ್ಲಿ ಮನೆತನಸ್ಥ ಹೆಂಗಸರ ಫೋಟೋ ತೆಗೆಯುತ್ತಿದ್ದವಳು ಒಬ್ಬಳೇ, ಅರ್ಮೇನಿಯದ ವಿಧವೆ ಮದಾಮ್ ವರ್ತೂಹಿ. ಗಂಡ ಬದುಕಿದ್ದಾಗ ಅವನು ಗಂಡಸರನ್ನು, ಇವಳು ಹೆಂಗಸರನ್ನು ಕೂರಿಸಿ ತೆಗೆಯುತ್ತಿದ್ದರು. ಫೋಟೋ ಹಿಡಿದಿಟ್ಟ ಗಾಜಿನ ಫಲಕ ಒಂದನ್ನೂ ಇಬ್ಬರೂ ಎಸೆದವರಲ್ಲ. ನೆರೆ ಬಂದ ವರ್ಷದ ಕಾಲುವೆ, ಮೂಟೆ ಹೇರಿದ ದೋಣಿಗಳು, ಕೆಂಪು ಟೋಪಿಯ ಶಾಲಾಹುಡುಗರು, ಅಜ್ಜನಿಂದ ಹಸುಗೂಸಿನವರೆಗೆ ಸಾಲಾಗಿ ನಿಂತ ಮನೆತನಗಳು ಎಲ್ಲವೂ ಒಳಕೋಣೆಯ ಮರದ ಪೆಟ್ಟಿಗೆಗಳಲ್ಲಿದ್ದವು.

ನಫೂಸಾ ಮೊಮ್ಮಗಳಿಗೆ ಸೊಸೆಯ ಉದ್ದ ನಿಲುವಂಗಿ ತೊಡಿಸಿ, ಎದೆಗೆ ಹತ್ತಿ ತುರುಕಿ, ತುಟಿಗೆ ಬಣ್ಣ ಬಳಿದು ಸ್ಟೂಲಿನ ಮೇಲೆ ಹತ್ತಿಸಿದಳು.

"ಸ್ಟೂಲು ಕಾಣದ ಹಾಗೆ ತೆಗೀರಿ ಮದಾಮ್."

ವರ್ತೂಹಿ ಕ್ಯಾಮೆರಾದ ಕಪ್ಪುಬಟ್ಟೆಯೊಳಗೆ ತಲೆ ಹಾಕಿ, ಮತ್ತೆ ಹೊರತೆಗೆದಳು.

"ಬಯೂಮಿಯ ಅಮ್ಮಾ, ನಾನಿದನ್ನ ತೆಗೆಯಲ್ಲ."

"ಯಾಕೆ? ನಾವು ಪುಕ್ಕಟೆ ಕೇಳ್ತಿದ್ದೀವಾ?"

"ನಿಮ್ಮ ಸನಿಯ್ಯಾಳನ್ನೂ ಹೀಗೇ ನಿಲ್ಲಿಸಿದ್ರಿ. ಆವತ್ತು ತೆಗೆದೆ."

ನಫೂಸಾಳ ಮುಖ ಬಿಗಿಯಿತು. ಸನಿಯ್ಯಾ ಅವಳ ಒಬ್ಬಳೇ ಮಗಳು. ಮದುವೆಯಾದ ಮರುವರ್ಷ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಸತ್ತವಳ ಮುಖ ಮನೆಯಲ್ಲಿರಬಾರದೆಂದು ಅಳಿಯನ ಮನೆಯವರು ಇದ್ದೊಂದು ಫೋಟೋವನ್ನೂ ಸುಟ್ಟಿದ್ದರು.

"ನನ್ನ ಮಗಳಿಗೆ ದೃಷ್ಟಿ ತಗುಲಿ ಹೋದ್ಲು. ತುಂಬಿದ ಮೈಯೋಳು, ನನಗಿಂತ ಎತ್ತರ. ಊರ ಕಣ್ಣೆಲ್ಲ ಅವಳ ಮೇಲೇ ಇತ್ತು," ಎಂದಳು ನಫೂಸಾ.

ವರ್ತೂಹಿ ಒಳಗೆ ಹೋಗಿ ಪೆಟ್ಟಿಗೆಯೊಂದರಿಂದ ಫಲಕ ಹುಡುಕಿ ತಂದಳು. ಅದನ್ನೂ ಬಿಸಿಲು ತಾಗಿದರೆ ಚಿತ್ರ ಮೂಡುವ ಕಾಗದವನ್ನೂ ಒತ್ತಾಗಿ ಚೌಕಟ್ಟಿಗೆ ಸೇರಿಸಿ ಮಾಳಿಗೆಯ ಬಿಸಿಲಿಗಿಟ್ಟಳು. ಹಿಂದೆ ಬಂದ ನಫೂಸಾ ಬೇಡವೆನ್ನಲೂ ಆಗದೆ, ತಿರುಗಿ ಹೋಗಲೂ ಆಗದೆ ಗೋಡೆಗೊರಗಿ ಕೂತಳು. ಸ್ವಲ್ಪ ಹೊತ್ತಿಗೆ ವರ್ತೂಹಿ ಚೌಕಟ್ಟನ್ನು ನೆರಳಿಗೆ ತಂದು ಹಿಂಬದಿ ತೆರೆದಳು. ಕೂದಲು ಮೂಡಿತ್ತು, ಎರಡು ಕಣ್ಣು ಮೂಡಿದ್ದವು. ಮತ್ತೆ ಬಿಸಿಲಿಗಿಟ್ಟು ತೆಗೆದಾಗ ಪೂರಾ ಮುಖ ಬಂದಿತ್ತು.

ನಫೂಸಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಇದು ಯಾರು?"

"ಸನಿಯ್ಯಾ."

ಉಬ್ಬಿದ ಕೆನ್ನೆಯ, ಅಳು ನುಂಗಿಕೊಂಡ ಒಂದು ಮಗು. ಹೆಗಲಿನಿಂದ ಜಾರುತ್ತಿದ್ದ ಅಂಗಿ. ಪಕ್ಕದ ಪರದೆಯ ಸಂದಿನಿಂದ ಒಂದು ಕೈ ಬಂದು ಮಗು ಬೀಳದ ಹಾಗೆ ಸೊಂಟ ಹಿಡಿದುಕೊಂಡಿತ್ತು. ಆ ಕೈಯ ಮೇಲೆ ಹಚ್ಚೆಯ ಮೂರು ಚುಕ್ಕೆ. ನಫೂಸಾ ತನ್ನ ಕೈ ನೋಡಿಕೊಂಡಳು.

"ಇಷ್ಟು ಚಿಕ್ಕವಳಾ? ನನಗಿಂತ ಎತ್ತರ ಅಂದ್ಕೊಂಡಿದ್ನಲ್ಲಾ... ಹೆರೋಕಾಗದೆ ಒದ್ದಾಡ್ತಿದ್ದಾಗ್ಲೂ 'ತಡ್ಕೋ, ಎಲ್ಲಾರೂ ತಡ್ಕೊಂಡಿಲ್ವಾ' ಅಂತ ಗದರಿಸಿದೆ."

"ಅದು ದೃಷ್ಟಿ ಅಲ್ಲಮ್ಮಾ. ಮಗು ಹೊರಬರೋಷ್ಟು ಆ ಮೈ ಇನ್ನೂ ಬೆಳೆದಿರ್ಲಿಲ್ಲ. ಆ ಪೆಟ್ಟಿಗೆಗಳಲ್ಲಿ ಇಂಥ ಮದುಮಗಳು ಬೇಕಾದಷ್ಟಿದ್ದಾರೆ. ಮಗು ಎತ್ಕೊಂಡು ಮತ್ತೆ ನನ್ನ ಮುಂದೆ ಬಂದು ಕೂತವರು ಕಮ್ಮಿ. ನೀವು ಬದುಕಿದ್ರಿ. ಬದುಕದವರು ಬಂದು ಹೇಳೋದು ಹೇಗೆ?"

ಕೆಳಗಿನಿಂದ ತಫೀದಾ ಕೂಗಿದಳು: "ಅಜ್ಜೀ, ಈ ಹತ್ತಿ ಚುಚ್ತಾ ಇದೆ, ತೆಗೀಲಾ?"

"ತೆಗಿಯೇ ಪುಟ್ಟಾ! ತೆಗೆದು ಬಿಸಾಕು!" ಎನ್ನುತ್ತಲೇ ನಫೂಸಾಳಿಗೆ ಅಳು ಒತ್ತರಿಸಿ ಬಂತು.

ಸಂಜೆ ಹಾಜಿ ರದ್ವಾನ್, ಶೇಖ್ ಇಬ್ಬರೂ ಬಂದು ಪಡಸಾಲೆಯಲ್ಲಿ ಕೂತಿದ್ದರು. ಹೆಂಗಸರು ಆ ಕೋಣೆಗೆ ಕಾಲಿಡುವ ರೂಢಿಯಿರಲಿಲ್ಲ. ನಫೂಸಾ ತಲೆವಸ್ತ್ರ ಬಿಗಿದುಕೊಂಡು ನೇರ ಒಳಗೆ ನಡೆದಳು.

"ಫೋಟೋ ಆಯ್ತಾ, ಅಮ್ಮಾ?" ಎಂದ ಶೇಖ್.

"ಇಲ್ಲ. ಮದುವೇನೂ ಇಲ್ಲ. ಹುಡುಗಿಗೆ ಹನ್ನೆರಡು. ಬೇಕಾದ್ರೆ ನಾನೇ ಸರ್ಕಾರಕ್ಕೆ ಹೋಗಿ ಹೇಳ್ತೀನಿ."

ಬಯೂಮಿ ಎದ್ದು ನಿಂತ. "ಅಮ್ಮಾ! ನಾನು ಮಾತು ಕೊಟ್ಟಿದ್ದೀನಿ!"

"ಮಾತು ಕೊಟ್ಟೋನು ನೀನು, ಹೆರಬೇಕಾದೋಳು ಅವಳು. ನಿನ್ನ ತಂಗೀನ ಈ ಕೈಯಲ್ಲೇ ಹಿಡಿದು ನಿಲ್ಲಿಸಿದ್ದೆ ಕಣೋ. ಇನ್ನೊಂದು ಸಲ ಆಗಲ್ಲ."

"ಊರಿಗೇ ಇಲ್ಲದ ರೀತಿ ನಿಮ್ಮನೇಲಿ," ಎಂದ ಹಾಜಿ. "ನಾಳೆಯಿಂದ ಮಂಡಿ ಕಡೆ ತಲೆ ಹಾಕ್ಬೇಡ ಬಯೂಮಿ."

ಬಾಗಿಲಾಚೆ ನಿಂತಿದ್ದ ಸೊಸೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಬಯೂಮಿ ಬಹಳ ದಿನ ತಾಯಿಯೊಂದಿಗೆ ಮಾತು ಬಿಟ್ಟ. ಆಮೇಲೆ ರೈಲ್ವೆ ಗೋದಾಮಿನಲ್ಲಿ ಕೆಲಸ ಸಿಕ್ಕಿತು; ಸಂಬಳ ಕಡಿಮೆ. ಒಂದು ದಿನ ತಂಗಿಯ ಫೋಟೋವನ್ನು ತಾನಾಗಿಯೇ ಕೇಳಿ ಪಡೆದು ದೀಪದ ಗೂಡಿನ ಹತ್ತಿರ ಬಹಳ ಹೊತ್ತು ನೋಡಿದ. ಮರುವಾರ ತಫೀದಾಳನ್ನು ಹೆಣ್ಣುಮಕ್ಕಳ ಶಾಲೆಗೆ ತಾನೇ ಸೇರಿಸಿ ಬಂದ.

ಓಣಿಯ ಹೆಂಗಸರು ಒಬ್ಬೊಬ್ಬರೇ ನಫೂಸಾಳ ಬಳಿ ಬಂದು ದನಿ ತಗ್ಗಿಸಿ ಕೇಳತೊಡಗಿದರು: "ಹೆರಿಗೇಲಿ ಹೋದ ನಮ್ಮ ಅಮೀನಾದೂ ಆ ಪೆಟ್ಟಿಗೇಲಿ ಇರಬಹುದಾ?" ಅವಳು ಅವರ ಕೈಹಿಡಿದು ವರ್ತೂಹಿಯ ಮಾಳಿಗೆ ಹತ್ತಿಸುತ್ತಿದ್ದಳು. ಇಳಿದು ಬಂದವರಲ್ಲಿ ಕೆಲವರು ಮನೆಯ ಮದುವೆ ಮಾತನ್ನು ಮುಂದಕ್ಕೆ ಹಾಕಿದರು. ಎಲ್ಲರೂ ಅಲ್ಲ.

ಮುಂದಕ್ಕೆ ಹಾಕದವರಲ್ಲೊಬ್ಬಳು ಪಕ್ಕದ ಮನೆಯ ಫಹೀಮಾ. ತಫೀದಾ ಪುಸ್ತಕದ ಚೀಲ ಬೀಸಾಡಿಕೊಂಡು ಶಾಲೆಗೆ ಹೋಗುವುದನ್ನು ನೋಡಿ ಬಾಗಿಲಲ್ಲೇ ಮೂದಲಿಸಿದಳು: "ನೋಡ್ತಾ ಇರು ನಫೂಸಾ, ನಿನ್ನ ಮೊಮ್ಮಗಳು ಹೀಗೇ ಮುದುಕಿ ಆಗ್ತಾಳೆ."

ನಫೂಸಾ ಮೊಮ್ಮಗಳು ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದು, ಆಮೇಲೆ ಹೇಳಿದಳು:

"ನಿನ್ನ ಬಾಯಿಗೆ ಸಕ್ಕರೆ ಹಾಕ ಫಹೀಮಾ! ಮುದುಕಿ ಆಗೋವರೆಗೂ ಬದುಕ್ಲಿ ಅಂತ್ಲೇ ಇಷ್ಟೆಲ್ಲ ಮಾಡಿದ್ದು ಕಣೇ."